ಅಂಕ ಅಷ್ಟೇ ಇದೆ, ಮೆರಿಟ್ ನಂಬರ್ ಯಾಕೆ ಬದಲಾಯಿತು?

ಹತ್ತನೇ ತರಗತಿಯ ಫಲಿತಾಂಶ ಬಂದರೆ ಸಾಕು, ಮುಂಬಯಿ-ಪುಣೆಯ ಕನ್ನಡ ಮನೆಗಳಲ್ಲಿ ಹನ್ನೊಂದನೇ ತರಗತಿಯ ಅಡ್ಮಿಷನ್ನಿನದೇ ಮಾತು. ಮೊದಲು ತಾತ್ಕಾಲಿಕ ಮೆರಿಟ್ ಪಟ್ಟಿ ಬರುತ್ತದೆ. ಆಕ್ಷೇಪಣೆ ಸಲ್ಲಿಸಲು ಸ್ವಲ್ಪ ಸಮಯ ಕೊಡುತ್ತಾರೆ. ಆಮೇಲೆ ಅಂತಿಮ ಪಟ್ಟಿ. ಗೊಂದಲ ಶುರುವಾಗುವುದು ಇಲ್ಲಿಂದ. ಅಂಕಪಟ್ಟಿ ಅದೇ, ಶೇಕಡಾವಾರು ಅದೇ, ಆದರೆ ಮೆರಿಟ್ ನಂಬರ್ ಮಾತ್ರ ಬೇರೆ. ಕೆಲವರದ್ದು ನೂರಾರು ಸ್ಥಾನ ಕೆಳಗೆ ಹೋಗಿರುತ್ತದೆ. ಕೆಲವರದ್ದು ಮೇಲೆ ಬಂದಿರುತ್ತದೆ. ಕೆಳಗೆ ಹೋದವರು 'ಒಳಗೊಳಗೆ ಏನೋ ನಡೆದಿದೆ' ಅನ್ನುತ್ತಾರೆ. ಮೇಲೆ ಬಂದವರು ಸುಮ್ನಿರುತ್ತಾರೆ.

2025ರಿಂದ ಈ ಗೊಂದಲದ ವ್ಯಾಪ್ತಿಯೂ ದೊಡ್ಡದಾಗಿದೆ. ಮೊದಲು ಮುಂಬಯಿ ಮಹಾನಗರ ಪ್ರದೇಶ, ಪುಣೆ-ಪಿಂಪ್ರಿ ಚಿಂಚ್‌ವಡ್, ನಾಶಿಕ್, ನಾಗಪುರ, ಅಮರಾವತಿಗೆ ಮಾತ್ರ ಇದ್ದ ಕೇಂದ್ರೀಕೃತ ಆನ್‌ಲೈನ್ ಪ್ರವೇಶವನ್ನು ಮಹಾರಾಷ್ಟ್ರ ಸರ್ಕಾರ ಆ ವರ್ಷ ಇಡೀ ರಾಜ್ಯಕ್ಕೆ ವಿಸ್ತರಿಸಿತು. ಹೀಗಾಗಿ ಸಾಂಗ್ಲಿ ಜಿಲ್ಲೆಯ ಜತ್, ಸೋಲಾಪುರ ಜಿಲ್ಲೆಯ ಅಕ್ಕಲಕೋಟೆಯ ಕನ್ನಡ ಮಾಧ್ಯಮದ ಮಕ್ಕಳೂ ಇದೇ ವ್ಯವಸ್ಥೆಯೊಳಗೆ ಬಂದರು. ಶುರುವಿನಲ್ಲೇ ಪೋರ್ಟಲ್ ಕೈಕೊಟ್ಟು ಆ ವರ್ಷದ ನೋಂದಣಿ ಮುಂದೆ ಹೋಯಿತು. ಅದರ ಮೇಲೆ ನಂಬರೂ ಬದಲಾದರೆ ಜನಕ್ಕೆ ಅನುಮಾನ ಬರುವುದು ಸಹಜವೇ. ಆದರೆ ಪೋರ್ಟಲ್ ಕುಸಿಯುವುದಕ್ಕೂ ನಂಬರ್ ಬದಲಾಗುವುದಕ್ಕೂ ಸಂಬಂಧ ಇಲ್ಲ. ಎರಡನ್ನೂ ಒಂದೇ ಗಂಟಿಗೆ ಹಾಕಿದರೆ ಯಾವುದೂ ಅರ್ಥವಾಗುವುದಿಲ್ಲ.

ರ‍್ಯಾಂಕ್ ಒಂದು ಎಣಿಕೆ

ಒಬ್ಬ ವಿದ್ಯಾರ್ಥಿಗೆ 500ಕ್ಕೆ 462 ಅಂಕ ಬಂದಿದೆ ಅಂತಿಟ್ಟುಕೊಳ್ಳಿ. ಆ 462 ಅವನ ಸ್ವಂತದ್ದು. ಬೇರೆ ಯಾರು ಎಷ್ಟು ತೆಗೆದರೂ ಅದು ಬದಲಾಗುವುದಿಲ್ಲ. ರ‍್ಯಾಂಕ್ ಅಂದರೆ ಮೆರಿಟ್ ನಂಬರ್ ಹಾಗಲ್ಲ. 'ನನಗಿಂತ ಮೇಲೆ ಎಷ್ಟು ಜನ ಇದ್ದಾರೆ' ಅನ್ನುವ ಎಣಿಕೆಗೆ ಒಂದು ಸೇರಿಸಿದರೆ ರ‍್ಯಾಂಕ್. ಅಂದರೆ ಆ ಸಂಖ್ಯೆ ಪೂರ್ತಿ ಬೇರೆಯವರ ಮೇಲೆ ನಿಂತಿದೆ.

ತಾತ್ಕಾಲಿಕ ಪಟ್ಟಿ ಮತ್ತು ಅಂತಿಮ ಪಟ್ಟಿಯ ನಡುವೆ ಏನೇನು ಆಗಬಹುದು ನೋಡಿ. ಅರ್ಜಿ ಅರ್ಧಕ್ಕೆ ಬಿಟ್ಟವರು ಪೂರ್ತಿ ಮಾಡುತ್ತಾರೆ. ಬೇರೆ ಬೋರ್ಡಿನ ಅಂಕ ತಪ್ಪಾಗಿ ತುಂಬಿದವರು ತಿದ್ದುತ್ತಾರೆ. ದಾಖಲೆ ಸರಿಯಿಲ್ಲದ ಅರ್ಜಿಗಳು ತಿರಸ್ಕಾರವಾಗುತ್ತವೆ. 470 ಅಂಕದ ಒಬ್ಬರು ಹೊಸದಾಗಿ ಸೇರಿದರೆ 470ಕ್ಕಿಂತ ಕೆಳಗಿರುವ ಪ್ರತಿಯೊಬ್ಬರೂ ಒಂದು ಸ್ಥಾನ ಇಳಿಯುತ್ತಾರೆ. ಇಳಿದವರಲ್ಲಿ ಯಾರೂ ಏನೂ ಮಾಡಿಲ್ಲ.

ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನ ವೇಟಿಂಗ್ ಲಿಸ್ಟ್ ಜೊತೆ ಇದನ್ನು ಹೋಲಿಸಿ ನೋಡಬಹುದು. ಅಲ್ಲಿ ಹೊಸಬರು ಸೇರುವುದು ಸಾಲಿನ ಕೊನೆಗೆ. ಮುಂದಿನವರು ಟಿಕೆಟ್ ರದ್ದು ಮಾಡಿದರೆ ನಾವು ಮುಂದೆ ಸರಿಯುತ್ತೇವೆ, ಅಷ್ಟೇ. ಅದು ಒಂದೇ ದಿಕ್ಕಿಗೆ ಸರಿಯುವ ಸಾಲು, ಅದಕ್ಕೇ ಜನ ಅದನ್ನು ನಂಬುತ್ತಾರೆ. ಮೆರಿಟ್ ಪಟ್ಟಿಯಲ್ಲಿ ಹೊಸಬರು ಎಲ್ಲಿ ಬೇಕಾದರೂ ಬಂದು ನಿಲ್ಲಬಹುದು, ನಮ್ಮ ಮುಂದೆಯೂ. ಮೊದಲು ಅರ್ಜಿ ಹಾಕಿದ್ದಕ್ಕೆ ಅಲ್ಲಿ ಬೆಲೆಯಿಲ್ಲ. ವೇಟಿಂಗ್ ಲಿಸ್ಟ್ ನೋಡುವ ಕಣ್ಣಲ್ಲೇ ಮೆರಿಟ್ ಪಟ್ಟಿ ನೋಡುವುದರಿಂದ ಅರ್ಧ ಅನುಮಾನ ಹುಟ್ಟುತ್ತದೆ.

ಬರೆದಿಟ್ಟರೆ ಕಷ್ಟ

ಇದನ್ನು ಕಂಪ್ಯೂಟರಿನಲ್ಲಿ ಹೇಗೆ ಇಡುವುದು? ಯಾರಿಗಾದರೂ ಮೊದಲು ಹೊಳೆಯುವ ದಾರಿ ಎಕ್ಸೆಲ್ ದಾರಿ. ಎಲ್ಲರನ್ನೂ ಅಂಕದ ಪ್ರಕಾರ ಜೋಡಿಸಿ, ಪಕ್ಕದ ಕಾಲಮ್ಮಿನಲ್ಲಿ 1, 2, 3 ಅಂತ ಬರೆಯುವುದು.

ಒಂದು ಸಲಕ್ಕೆ ಇದು ಸರಿ. ಹೊಸಬರು ಬರತೊಡಗಿದರೆ ತೊಂದರೆ. ಹದಿನೈದು ಲಕ್ಷ ಹೆಸರಿನ ಪಟ್ಟಿಯಲ್ಲಿ ಹೊಸ ಹೆಸರಿಗೆ ಜಾಗ ಹುಡುಕುವುದು ಕಷ್ಟವಲ್ಲ. ನಡುವಿನ ಹೆಸರು ನೋಡಿ, ಅದಕ್ಕಿಂತ ಮೇಲೋ ಕೆಳಗೋ ಅಂತ ನಿರ್ಧರಿಸಿ, ಉಳಿದರ್ಧದ ನಡುವೆ ಮತ್ತೆ ನೋಡಿ, ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಹೆಚ್ಚೆಂದರೆ 21 ಹೋಲಿಕೆಗಳಲ್ಲಿ ಜಾಗ ಸಿಗುತ್ತದೆ. ಕಷ್ಟ ಇರುವುದು ಆಮೇಲೆ. ಆ ಜಾಗದಿಂದ ಕೆಳಗಿನ ಎಲ್ಲರನ್ನೂ ಒಂದೊಂದು ಸಾಲು ಸರಿಸಬೇಕು, ಎಲ್ಲರ ನಂಬರನ್ನೂ ಅಳಿಸಿ ಬರೆಯಬೇಕು. ಸರಾಸರಿ ಏಳೂವರೆ ಲಕ್ಷ ಸಾಲು. ಬಂದದ್ದು ಒಬ್ಬರೇ!

ಹತ್ತು ಸಾವಿರ ತಿದ್ದುಪಡಿಗಳಿದ್ದರೆ ಲೆಕ್ಕ ನೀವೇ ಮಾಡಿ. ಅದಕ್ಕೇ ಈ ದಾರಿ ಹಿಡಿದವರು ತಿದ್ದುಪಡಿಗಳನ್ನೆಲ್ಲ ಒಟ್ಟುಹಾಕಿ, ರಾತ್ರಿ ಒಮ್ಮೆ ಇಡೀ ಪಟ್ಟಿಯನ್ನು ಮತ್ತೆ ಜೋಡಿಸುತ್ತಾರೆ. ನೋಡುವವರಿಗೆ ಮಾತ್ರ ನಿನ್ನೆ ಒಂದು ನಂಬರ್, ಇವತ್ತು ಇನ್ನೊಂದು. ನಡುವೆ ಏನಾಯಿತು ಅನ್ನುವುದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಇಲ್ಲಿನ ಮೂಲ ತಪ್ಪು, ರ‍್ಯಾಂಕನ್ನು ಬರೆದಿಡಲು ಹೊರಟದ್ದು. ಅದನ್ನು ಬರೆದಿಡಬಾರದು. ಕೇಳಿದಾಗ ಎಣಿಸಿ ಹೇಳಬೇಕು. ಹಾಗಾದರೆ ಬೇಗ ಎಣಿಸಲು ಏನು ಬೇಕು ಅನ್ನುವುದೇ ಮುಂದಿನ ಪ್ರಶ್ನೆ.

501 ಖಾನೆಗಳ ದಾರಿ

ಅಂಕ 500ಕ್ಕೆ ಇದ್ದರೆ ದಾರಿ ತುಂಬ ಸುಲಭ. 0ಯಿಂದ 500ರವರೆಗೆ 501 ಖಾನೆ ಮಾಡಿ. ಪ್ರತಿ ಖಾನೆಯಲ್ಲಿ ಆ ಅಂಕ ಎಷ್ಟು ಜನಕ್ಕೆ ಬಂದಿದೆ ಅನ್ನುವ ಸಂಖ್ಯೆ ಮಾತ್ರ ಇಡಿ. 471 ಅಂಕದವರು ಹೊಸದಾಗಿ ಬಂದರೆ 471ರ ಖಾನೆಗೆ ಒಂದು ಕೂಡಿಸಿ. ಕೆಲಸ ಮುಗಿಯಿತು. ಯಾರನ್ನೂ ಸರಿಸಬೇಕಿಲ್ಲ.

462 ಅಂಕದವರು ತಮ್ಮ ಸ್ಥಾನ ಕೇಳಿದರೆ? 463ರಿಂದ 500ರವರೆಗಿನ 38 ಖಾನೆಗಳನ್ನು ಕೂಡಿಸಿ, ಒಂದು ಸೇರಿಸಿ. ಲಕ್ಷ ಜನ ಇರಲಿ, ಕೋಟಿ ಜನ ಇರಲಿ, ಕೂಡಿಸುವುದು ಆ 38 ಸಂಖ್ಯೆಗಳನ್ನೇ. ಇದೂ ಜಾಸ್ತಿ ಅನ್ನಿಸಿದರೆ ಖಾನೆಗಳ ಗುಂಪುಗಳ ಮೊತ್ತವನ್ನೂ ಒಂದು ಕ್ರಮದಲ್ಲಿ ಇಟ್ಟುಕೊಳ್ಳಬಹುದು. ನ್ಯೂಜಿಲೆಂಡಿನ ಪೀಟರ್ ಫೆನ್‌ವಿಕ್ 1994ರಲ್ಲಿ ವಿವರಿಸಿದ ರಚನೆ ಇದೇ ಬಗೆಯದು, ಈಗ ಫೆನ್‌ವಿಕ್ ಟ್ರೀ ಅಂತಲೇ ಹೆಸರು. ಅದರಲ್ಲಿ 501 ಖಾನೆಗೆ ಹೆಚ್ಚೆಂದರೆ ಒಂಬತ್ತು ಸಲ ಕೂಡಿಸಿದರೆ ಉತ್ತರ ಸಿಗುತ್ತದೆ.

ಈ ಖಾನೆಗಳನ್ನು ಸುಮ್ನೆ ನೋಡಿದರೇ ಇನ್ನೊಂದು ಸಂಗತಿ ಕಾಣುತ್ತದೆ. ನನ್ನ ಪ್ರಕಾರ ಪಾಲಕರು ತಿಳಿಯಬೇಕಾದದ್ದು ಇದನ್ನೇ. ಮಹಾರಾಷ್ಟ್ರ ಬೋರ್ಡಿನ ಹತ್ತನೇ ತರಗತಿಯ ಎಸ್ಸೆಸ್ಸಿ ಪರೀಕ್ಷೆಯಲ್ಲಿ ವರ್ಷಕ್ಕೆ 14 ಲಕ್ಷಕ್ಕೂ ಹೆಚ್ಚು ಮಕ್ಕಳು ಪಾಸಾಗುತ್ತಾರೆ. ಪಾಸಾದವರ ಅಂಕ 175ರಿಂದ 500ರ ನಡುವೆ, ಅಂದರೆ 326 ಖಾನೆಗಳಲ್ಲಿ. ಎಲ್ಲರನ್ನೂ ಒಂದೇ ಪಟ್ಟಿಗೆ ಹಾಕಿದರೆ ಒಂದು ಖಾನೆಗೆ ಸರಾಸರಿ 4,000ಕ್ಕೂ ಹೆಚ್ಚು ಮಕ್ಕಳು. ತೀರಾ ತುದಿಯಲ್ಲಿ ಕಡಿಮೆ ಇರುತ್ತಾರೆ, ನಡುವೆ ಇನ್ನೂ ಜಾಸ್ತಿ. ಹಾಗಾಗಿ ಪ್ರತಿಯೊಬ್ಬರಿಗೂ ಬೇರೆ ಬೇರೆ ನಂಬರ್ ಕೊಡುವ ಪಟ್ಟಿಯಲ್ಲಿ ಇಬ್ಬರ ಮೆರಿಟ್ ನಂಬರಿನ ನಡುವೆ ಮೂರು ಸಾವಿರ ಅಂತರವಿದ್ದರೂ ಇಬ್ಬರ ಅಂಕ ಒಂದೇ ಇರಬಹುದು! ಒಂದೇ ಖಾನೆಯವರನ್ನು ಜನ್ಮದಿನಾಂಕ, ಹೆಸರಿನ ಅಕ್ಷರ ಅಥವಾ ಇನ್ನಾವುದೋ ನಿಯಮದಿಂದ ಸಾಲಾಗಿ ನಿಲ್ಲಿಸಿದ್ದರೆ, ಮೆರಿಟ್ ನಂಬರಿನ ಕೊನೆಯ ಮೂರು ಅಂಕಿಗಳು ಹೇಳುವುದು ಆ ನಿಯಮವನ್ನೇ ಹೊರತು ಮಗುವಿನ ಓದನ್ನಲ್ಲ. ನಂಬರ್ ಮುನ್ನೂರು ಇಳಿಯಿತು ಅಂತ ರಾತ್ರಿ ನಿದ್ದೆಗೆಡುವ ಮೊದಲು ಇದು ನೆನಪಿರಲಿ.

625 ಬಂದು ಸೇರಿದಾಗ

ಅಪ್ಪನ ವರ್ಗಾವಣೆಯೋ, ಅಣ್ಣನ ಕೆಲಸವೋ, ಏನೋ ಕಾರಣಕ್ಕೆ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪುಣೆ-ಮುಂಬಯಿಗೆ ಬರುವ ಮಕ್ಕಳಿದ್ದಾರೆ. ಅವರ ಅಂಕ 625ಕ್ಕೆ. ಮಹಾರಾಷ್ಟ್ರದ್ದು ಚೆನ್ನಾಗಿ ಬಂದ ಐದು ವಿಷಯ ಹಿಡಿದು 500ಕ್ಕೆ. ಶೇಕಡಾವಾರಿಗೆ ತಂದರೆ ಇಲ್ಲಿ ಒಂದು ಅಂಕಕ್ಕೆ 0.2, ಅಲ್ಲಿ ಒಂದು ಅಂಕಕ್ಕೆ 0.16. ಎರಡನ್ನೂ ಒಂದೇ ಪಟ್ಟಿಯಲ್ಲಿ ತಪ್ಪಿಲ್ಲದೆ ನಿಲ್ಲಿಸಬೇಕಾದರೆ 0.04ರ ಖಾನೆಗಳು ಬೇಕು, ಒಟ್ಟು 2,501. ಕಂಪ್ಯೂಟರಿಗೆ ಇದೇನೂ ದೊಡ್ಡದಲ್ಲ. ಆದರೆ ಎರಡು ದಶಮಾಂಶಕ್ಕೆ ಬದಲು ಒಂದೇ ದಶಮಾಂಶಕ್ಕೆ ಹತ್ತಿರ ಮಾಡಿಬಿಟ್ಟರೆ ಬೇರೆ ಬೇರೆ ಅಂಕದವರು ಒಂದೇ ಖಾನೆಗೆ ಬೀಳುತ್ತಾರೆ, ಸಾವಿರಾರು ಜನರ ಸಾಲು ಹಿಂದುಮುಂದಾಗುತ್ತದೆ. ಇಂಥ ಸಣ್ಣ ತೀರ್ಮಾನಗಳು ಪ್ರೋಗ್ರಾಂ ಬರೆಯುವವರ ಕೈಯಲ್ಲಿ ಉಳಿಯಬಾರದು, ನಿಯಮದಲ್ಲೇ ಬರೆದಿರಬೇಕು.

ಮಹಾರಾಷ್ಟ್ರದ ಎಂಜಿನಿಯರಿಂಗ್-ಫಾರ್ಮಸಿ ಪ್ರವೇಶ ಪರೀಕ್ಷೆಯಾದ ಎಂಎಚ್‌ಟಿ-ಸಿಇಟಿಗೆ ಬಂದರೆ ಖಾನೆಯ ದಾರಿಯೇ ಮುಚ್ಚಿಹೋಗುತ್ತದೆ. ಅಲ್ಲಿ ಪರ್ಸೆಂಟೈಲಿಗೆ, ಅಂದರೆ ನಮ್ಮಷ್ಟೇ ಅಥವಾ ನಮಗಿಂತ ಕಡಿಮೆ ಅಂಕ ತೆಗೆದವರು ಶೇಕಡಾ ಎಷ್ಟು ಅನ್ನುವ ಸಂಖ್ಯೆಗೆ, ಏಳು ದಶಮಾಂಶ. 0ಯಿಂದ 100ರವರೆಗೆ ಅಷ್ಟು ನಯವಾಗಿ ಕತ್ತರಿಸಿದರೆ 100 ಕೋಟಿ ಖಾನೆ. ಬಹುತೇಕ ಎಲ್ಲವೂ ಖಾಲಿ. ಬೇರೆ ರಚನೆ ಬೇಕು.

ಕೊಂಬೆ ಎಣಿಸುವ ಮರ

ಏಳು ಮಕ್ಕಳನ್ನಷ್ಟೇ ಹಿಡಿದು ನೋಡೋಣ. ಅಂಕ: 492, 480, 471, 462, 455, 440, 420. ನಡುವಿನ 462ನ್ನು ಮೇಲೆ ಕೂರಿಸಿ. ಅದಕ್ಕಿಂತ ಹೆಚ್ಚು ತೆಗೆದವರೆಲ್ಲ ಒಂದು ಕೊಂಬೆಗೆ, ಕಡಿಮೆ ತೆಗೆದವರೆಲ್ಲ ಇನ್ನೊಂದು ಕೊಂಬೆಗೆ. ಹೆಚ್ಚಿನವರ ಕೊಂಬೆಯಲ್ಲಿ ಮತ್ತೆ ನಡುವಿನ 480 ಮೇಲೆ, ಅದರ ಎರಡು ಬದಿಗೆ 492 ಮತ್ತು 471. ಕಡಿಮೆಯವರ ಕೊಂಬೆಯಲ್ಲಿ 440 ಮೇಲೆ, ಎರಡು ಬದಿಗೆ 455 ಮತ್ತು 420. ಈಗ ಪ್ರತಿಯೊಂದರ ಪಕ್ಕ ಒಂದು ಸಂಖ್ಯೆ ಬರೆಯಿರಿ: ತನ್ನನ್ನೂ ಸೇರಿಸಿ ತನ್ನ ಕೆಳಗೆ ಎಷ್ಟು ಜನ. 462ಕ್ಕೆ 7. 480ಕ್ಕೆ 3, 440ಕ್ಕೆ 3. ತುದಿಯವರಿಗೆ ತಲಾ 1.

455 ಅಂಕದ ಹುಡುಗಿಯ ಸ್ಥಾನ ಯಾವುದು? ಮೇಲಿನಿಂದ ಇಳಿಯೋಣ. 462ರ ಹತ್ತಿರ ಬಂದೆವು. ಅವಳದ್ದು ಅದಕ್ಕಿಂತ ಕಡಿಮೆ. ಹಾಗಾದರೆ ಹೆಚ್ಚಿನವರ ಕೊಂಬೆಯ 3 ಜನ ಮತ್ತು 462ರವನು, ಒಟ್ಟು 4 ಜನ ಅವಳ ಮುಂದೆ ಇರುವುದು ಖಾತ್ರಿ. ಆ ಕೊಂಬೆಯೊಳಗೆ ಇಣುಕಬೇಕಾಗಿಯೂ ಇಲ್ಲ. ಈಗ 440ರ ಹತ್ತಿರ. ಅವಳದ್ದು ಅದಕ್ಕಿಂತ ಹೆಚ್ಚು, ಕೂಡಿಸುವುದೇನೂ ಇಲ್ಲ, ಆ ಬದಿಗೆ ಇಳಿದರೆ 455 ಸಿಕ್ಕಿತು. ಮುಂದೆ 4 ಜನ, ಅವಳು 5ನೆಯವಳು.

ಈಗ 475ರ ಹೊಸ ಹುಡುಗ ಬಂದ. 462ಕ್ಕಿಂತ ಹೆಚ್ಚು, 480ಕ್ಕಿಂತ ಕಡಿಮೆ, 471ಕ್ಕಿಂತ ಹೆಚ್ಚು. 471ರ ಕೆಳಗೆ ಕೂರುತ್ತಾನೆ. ದಾರಿಯಲ್ಲಿ ಸಿಕ್ಕ ಮೂರು ಸಂಖ್ಯೆಗಳಿಗೆ ಒಂದೊಂದು ಕೂಡಿಸಿದರೆ ಆಯಿತು: 462ಕ್ಕೆ 8, 480ಕ್ಕೆ 4, 471ಕ್ಕೆ 2. 455ರ ಹುಡುಗಿಯ ಹತ್ತಿರ ಯಾರೂ ಸುಳಿದಿಲ್ಲ. ಆದರೂ ಈಗ ಅವಳು ಮತ್ತೆ ಕೇಳಿದರೆ ಲೆಕ್ಕ 4 ಮತ್ತು 1, ಮುಂದೆ ಐದು ಜನ, ಅವಳು 6ನೆಯವಳು. ಅವಳ ದಾಖಲೆಯನ್ನು ಯಾರೂ ಮುಟ್ಟದೆಯೇ ಅವಳ ಸ್ಥಾನ ಬದಲಾಯಿತು. ಮೆರಿಟ್ ಪಟ್ಟಿಯ ಗೊಂದಲ ಪೂರ್ತಿ ಇದರಲ್ಲೇ ಇದೆ ನೋಡಿ.

ಹೊಸಬರು ಒಂದೇ ಕಡೆ ಸೇರುತ್ತ ಹೋದರೆ ಮರ ವಾಲುತ್ತದೆ, ಉದ್ದ ಬೆಳೆದು ನಿಧಾನವಾಗುತ್ತದೆ. ಆಗಾಗ ತಿರುಗಿಸಿ ಸಮ ಮಾಡಬೇಕು. ಅದರ ವಿಧಾನವನ್ನು ಸೋವಿಯತ್ ಒಕ್ಕೂಟದ ಅಡೆಲ್ಸನ್-ವೆಲ್ಸ್‌ಕಿ ಮತ್ತು ಲ್ಯಾಂಡಿಸ್ 1962ರಲ್ಲೇ ತೋರಿಸಿಕೊಟ್ಟಿದ್ದರು. ಹಾಗೆ ಸಮವಾಗಿಟ್ಟ ಮರದಲ್ಲಿ ಹದಿನೈದು ಲಕ್ಷ ಜನ ಇದ್ದರೂ ಸೇರಿಸಲು, ತೆಗೆಯಲು, ಸ್ಥಾನ ಹೇಳಲು ಮೂವತ್ತು ಮೆಟ್ಟಿಲು ದಾಟುವುದಿಲ್ಲ. ಆಟದ ಆ್ಯಪ್‌ಗಳ ಲೀಡರ್‌ಬೋರ್ಡಿಗೆ ಬಳಸುವ ರೆಡಿಸ್ ಎಂಬ ತಂತ್ರಾಂಶವೂ ಇದೇ ಕೆಲಸ ಮಾಡುತ್ತದೆ. ಮರದ ಬದಲು ಸ್ಕಿಪ್ ಲಿಸ್ಟ್ ಅನ್ನುವ ರಚನೆ ಹಿಡಿದಿದೆ, ಅಷ್ಟೇ ವ್ಯತ್ಯಾಸ.

ಅದೇ ಮರಕ್ಕೆ ಪ್ರಶ್ನೆಯನ್ನು ತಿರುಗಿಸಿಯೂ ಕೇಳಬಹುದು: 120 ಸೀಟಿನ ಕಾಲೇಜಿನಲ್ಲಿ 120ನೆಯವರು ಯಾರು? ಕೊಂಬೆಗಳ ಸಂಖ್ಯೆ ನೋಡುತ್ತ ಇಳಿದರೆ ಅವರೇ ಸಿಗುತ್ತಾರೆ. ಅವರ ಅಂಕವೇ ಕಟ್-ಆಫ್.

2024ರ ನೀಟ್ ಕಲಿಸಿದ್ದು

ಇದೆಲ್ಲ ಪುಸ್ತಕದ ಮಾತು ಅನ್ನಿಸಿದರೆ 2024ರ ನೀಟ್ ನೆನಪಿಸಿಕೊಳ್ಳಿ. ಜೂನ್ 4ರಂದು ಫಲಿತಾಂಶ ಬಂದಾಗ 67 ಜನ ಮೊದಲ ರ‍್ಯಾಂಕಿನಲ್ಲಿದ್ದರು, ಎಲ್ಲರಿಗೂ 720ಕ್ಕೆ 720. ಸಮಯ ನಷ್ಟಕ್ಕೆ ಅಂತ ಕೊಟ್ಟಿದ್ದ ಕೃಪಾಂಕ ರದ್ದಾಗಿ 1,563 ಜನಕ್ಕೆ ಮರುಪರೀಕ್ಷೆಯ ಅವಕಾಶ ಕೊಟ್ಟ ಮೇಲೆ ಆ ಸಂಖ್ಯೆ 61ಕ್ಕೆ ಇಳಿಯಿತು. ಭೌತಶಾಸ್ತ್ರದ ಒಂದು ಪ್ರಶ್ನೆಗೆ ಎರಡು ಉತ್ತರ ಒಪ್ಪಿಕೊಂಡಿದ್ದರು. ದೆಹಲಿ ಐಐಟಿಯ ತಜ್ಞರು ಒಂದೇ ಸರಿ ಅಂದರು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇನ್ನೊಂದು ಉತ್ತರ ಬರೆದ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ತಲಾ ಐದು ಅಂಕ ಕಳೆದುಕೊಂಡರು. ಜುಲೈ 26ರ ಪಟ್ಟಿಯಲ್ಲಿ ಮೊದಲ ರ‍್ಯಾಂಕಿನವರು 17.

ಅಂಕ ಬದಲಾದದ್ದು ನಾಲ್ಕು ಲಕ್ಷ ಚಿಲ್ಲರೆ ಮಕ್ಕಳದ್ದು. ರ‍್ಯಾಂಕ್ ಬದಲಾದದ್ದು ಮಾತ್ರ ಪರೀಕ್ಷೆ ಬರೆದ 23 ಲಕ್ಷದಲ್ಲಿ ಬಹುಪಾಲು ಎಲ್ಲರದ್ದೂ. ನೀಟ್‌ನ ಅಂಕ ಆಗ ಮೈನಸ್ 180ರಿಂದ 720ರವರೆಗೆ ಇರಬಹುದಿತ್ತು, ಅಂದರೆ 901 ಖಾನೆ. ಒಬ್ಬರ ಅಂಕ ಐದು ಇಳಿದರೆ ಒಂದು ಖಾನೆಯಿಂದ ಒಂದು ಕಳೆದು ಇನ್ನೊಂದಕ್ಕೆ ಕೂಡಿಸಬೇಕು. ನಾಲ್ಕು ಲಕ್ಷ ಸಲ ಹೀಗೆ ಮಾಡಿದರೂ ಮಾಮೂಲಿ ಲ್ಯಾಪ್‌ಟಾಪಿಗೆ ಕೆಲವು ಸೆಕೆಂಡಿನ ಕೆಲಸ. ವಾರಗಟ್ಟಲೆ ಹಿಡಿದದ್ದು ಯಾವ ಉತ್ತರ ಸರಿ ಅಂತ ತೀರ್ಮಾನಿಸುವುದು.

ನಿಲ್ಲಿಸಬೇಕೋ, ಹರಿಯಲು ಬಿಡಬೇಕೋ

ಇಷ್ಟು ಸುಲಭವಾಗಿದ್ದರೆ ಪ್ರತಿಯೊಬ್ಬರಿಗೂ ಆ ಕ್ಷಣದ ಸ್ಥಾನ ತೋರಿಸಬಹುದಲ್ವಾ? ಇಲ್ಲಿ ಎರಡು ಪಕ್ಷ ಇದೆ.

ಒಂದು ಪಕ್ಷ ಹೇಳುವುದು: ಪಟ್ಟಿಯನ್ನು ಒಂದು ಗಳಿಗೆಗೆ ನಿಲ್ಲಿಸಲೇಬೇಕು. ಸೀಟು ಹಂಚುವಾಗ ಕೆಳಗಿನ ನೆಲ ಅಲುಗಬಾರದು. ನಾಳೆ ಯಾರಾದರೂ ಕೋರ್ಟಿಗೆ ಹೋದರೆ 'ಈ ದಿನ, ಈ ಹೊತ್ತಿಗೆ ಪಟ್ಟಿ ಹೀಗಿತ್ತು' ಅಂತ ತೋರಿಸಲು ಒಂದು ದಾಖಲೆ ಬೇಕು. ಗಂಟೆಗೊಂದು ನಂಬರ್ ತೋರಿಸಿದರೆ ಮಕ್ಕಳು ಪುಸ್ತಕ ಬಿಟ್ಟು ಮೊಬೈಲ್ ಹಿಡಿದು ಕೂರುತ್ತಾರೆ, ಸರ್ವರ್ ಮೇಲೂ ಹೊರೆ. ಇನ್ನೊಂದು ಪಕ್ಷದ ವಾದ: ಮುಚ್ಚಿಟ್ಟು ಎರಡು ಸಲ ತೋರಿಸುವುದರಿಂದಲೇ ಅನುಮಾನ ಹುಟ್ಟುವುದು. ಬದಲಾವಣೆ ಕಣ್ಣೆದುರೇ ಆದರೆ ಯಾರೂ ಗುಮಾನಿ ಪಡುವುದಿಲ್ಲ.

ಹಂಚಿಕೆಗೆ ಪಟ್ಟಿ ನಿಲ್ಲಿಸುವುದು ಸರಿಯೇ, ಅದರಲ್ಲಿ ಮೊದಲ ಪಕ್ಷದ ಮಾತೇ ಗಟ್ಟಿ. ಆದರೆ ನಿಲ್ಲಿಸಿದ ಪಟ್ಟಿಗಳ ನಡುವಿನ ವ್ಯತ್ಯಾಸಕ್ಕೆ ಕಾರಣ ಹೇಳದಿರಲು ತಾಂತ್ರಿಕ ನೆಪ ಯಾವುದೂ ಇಲ್ಲ. ರೈಲ್ವೆಯ ಪಿಎನ್‌ಆರ್ ನೋಡಿದರೆ ಬುಕ್ ಮಾಡಿದಾಗಿನ ಸ್ಥಿತಿ, ಈಗಿನ ಸ್ಥಿತಿ, ಎರಡೂ ಒಟ್ಟಿಗೆ ಕಾಣುತ್ತವೆ. ಮೆರಿಟ್ ಚೀಟಿಯಲ್ಲೂ ಹಳೆಯ ನಂಬರ್, ಹೊಸ ನಂಬರ್, ನಡುವೆ ನಿಮ್ಮ ಮೇಲೆ ಎಷ್ಟು ಜನ ಸೇರಿದರು, ಎಷ್ಟು ಜನ ಹೊರಹೋದರು, ನಿಮ್ಮಷ್ಟೇ ಅಂಕದವರು ಎಷ್ಟು ಅಂತ ಐದು ಸಾಲು ಹಾಕಬಹುದು. ಸೇರಿದವರ ಮತ್ತು ಹೊರಹೋದವರ ಖಾನೆಗಳನ್ನು ಬೇರೆ ಇಟ್ಟುಕೊಂಡರೆ ಈ ಉತ್ತರಗಳೂ ಅಷ್ಟೇ ಸಲೀಸು. ಒಬ್ಬರ ಹೆಸರೂ ಬಯಲಾಗುವುದಿಲ್ಲ.

ತಪ್ಪು ಓದಿದರೆ ಪೆಟ್ಟು ಎಲ್ಲಿ?

ಇದು ಬರೀ ಕುತೂಹಲದ ಪ್ರಶ್ನೆಯಾಗಿದ್ದರೆ ಬಿಡಬಹುದಿತ್ತು. ಆದರೆ ಸುತ್ತಿನಿಂದ ಸುತ್ತಿಗೆ ಕಾಲೇಜುಗಳ ಆಯ್ಕೆ ತುಂಬುವಾಗ, ತಿದ್ದುವಾಗ ಮಕ್ಕಳು ಈ ನಂಬರನ್ನೂ ನೋಡುತ್ತಾರೆ. ಆಯ್ಕೆ ಒಂದರಿಂದ ಹತ್ತು ಕಾಲೇಜಿನವರೆಗೆ. ಮೊದಲ ಆಯ್ಕೆಯ ಕಾಲೇಜೇ ಸಿಕ್ಕರೆ ಅಲ್ಲಿ ಸೇರಲೇಬೇಕು, ಬಿಟ್ಟರೆ ಮುಂದಿನ ನಿಯಮಿತ ಸುತ್ತುಗಳಿಂದ ಹೊರಗೆ. ಅಂತಿಮ ಪಟ್ಟಿಯಲ್ಲಿ ನಂಬರ್ ಇಳಿದದ್ದು ನೋಡಿ ಹೆದರಿ, ಮನಸ್ಸಿಲ್ಲದ ಕಾಲೇಜನ್ನು ಮೊದಲಿಗೆ ತಂದರೆ ಅದೇ ಗಂಟುಬೀಳುತ್ತದೆ. ಮುಂಬಯಿಯ ವಡಾಲದಂಥ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಹನ್ನೊಂದಕ್ಕೆ ಇಂಗ್ಲಿಷಿಗೆ ಹೊರಳುವ ಮಕ್ಕಳಿಗೆ ಮನೆ ಹತ್ತಿರದ, ಹೊಂದಿಕೆಯಾಗುವ ಕಾಲೇಜು ಸಿಗುವುದು ದೊಡ್ಡ ವಿಷಯ. ಹೆದರಿಕೆಗೆ ಅದನ್ನು ಕಳೆದುಕೊಳ್ಳುವುದು ಬೇಡ.

ಸಾಮಾನ್ಯ ಮೆರಿಟ್ ನಂಬರ್ ಒಂದು ಕಾಲೇಜಿನ ಸೀಟನ್ನು ನೇರವಾಗಿ ತೀರ್ಮಾನಿಸುವುದೂ ಇಲ್ಲ. ನಿಜವಾಗಿ ಲೆಕ್ಕಕ್ಕೆ ಬರುವುದು ಆ ಕಾಲೇಜು, ಆ ವಿಭಾಗ, ಆ ಮೀಸಲಾತಿ ವರ್ಗಕ್ಕೆ ಅರ್ಜಿ ಹಾಕಿದವರೊಳಗಿನ ಸ್ಥಾನ. ರಾಜ್ಯದ ಪಟ್ಟಿಯಲ್ಲಿ ನಿಮ್ಮ ಮೇಲೆ ಸೇರಿದ ಐನೂರು ಜನರಲ್ಲಿ ಮುಂಬಯಿಯ ಮಾಟುಂಗದ ಒಂದು ಕಾಲೇಜನ್ನು ಕೇಳಿದವರು ಇಬ್ಬರೇ ಇರಬಹುದು. ಒಬ್ಬರೂ ಇಲ್ಲದಿರಬಹುದು. ನಾಗಪುರದ ವಿದ್ಯಾರ್ಥಿ ಮಾಟುಂಗಕ್ಕೆ ಯಾಕೆ ಬರಬೇಕು ಹೇಳಿ? ಹಾಗಾಗಿ ಆಯ್ಕೆ ತುಂಬುವಾಗ ಮೆರಿಟ್ ನಂಬರಿಗಿಂತ ಆ ಕಾಲೇಜಿನ ಹಿಂದಿನ ವರ್ಷದ ಕಟ್-ಆಫ್ ಪಕ್ಕ ಮಗುವಿನ ಅಂಕ ಇಟ್ಟು ನೋಡುವುದೇ ಹೆಚ್ಚು ಉಪಯೋಗ. ಕಟ್-ಆಫ್ 462 ಅಂತ ಕಂಡರೆ 462 ಬಂದವರೆಲ್ಲರಿಗೂ ಅಲ್ಲಿ ಸೀಟು ಸಿಕ್ಕಿತ್ತು ಅಂತ ಅರ್ಥವಲ್ಲ. ಕೊನೆಯ ಸೀಟು ಆ ಖಾನೆಯ ನಡುವೆ ಎಲ್ಲೋ ಮುಗಿದಿರುತ್ತದೆ. ಒಂದೆರಡು ಅಂಕ ಮೇಲಿದ್ದರೆ ಧೈರ್ಯವಾಗಿ ಮೊದಲ ಆಯ್ಕೆಗೆ ಹಾಕಬಹುದು. ಸರಿಯಾಗಿ ಅಷ್ಟೇ ಇದ್ದರೂ ಹಾಕಬಹುದು, ಆದರೆ ಎರಡನೆಯ, ಮೂರನೆಯ ಆಯ್ಕೆಯನ್ನು ಅಷ್ಟೇ ಯೋಚಿಸಿ ತುಂಬಬೇಕು.